ಆನ್‌ಲೈನ್ ಪರೀಕ್ಷೆ: ಅನುಕೂಲ, ಅನಾನುಕೂಲ ಮತ್ತು ನಮ್ಮ ಹೊಣೆ

ಪರೀಕ್ಷೆಯು ವಿದ್ಯೆಯ ಒರೆಗಲ್ಲು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಒರೆಗಲ್ಲು ನಮ್ಮ ಕಣ್ಣೆದುರಿನಲ್ಲೇ ತನ್ನ ರೂಪವನ್ನು ಬದಲಿಸಿಕೊಂಡಿದೆ. ಕಾಗದ, ಲೇಖನಿಗಳಿದ್ದ ಜಾಗಕ್ಕೆ ಕಂಪ್ಯೂಟರ್ ಪರದೆ ಮತ್ತು ಮೌಸ್ ಬಂದಿವೆ. ಐಐಎಂಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆ 2009ರಲ್ಲಿ ಕಂಪ್ಯೂಟರಿಗೆ ಬದಲಾಯಿತು. ಗೇಟ್ ಪರೀಕ್ಷೆ 2014ರಿಂದ, ಜೆಇಇ ಅಡ್ವಾನ್ಸ್ಡ್ 2018ರಿಂದ ಪೂರ್ಣವಾಗಿ ಕಂಪ್ಯೂಟರಿನಲ್ಲಿಯೇ ನಡೆಯುತ್ತಿವೆ. 2019ರಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಜೆಇಇ ಮೇನ್ ಪರೀಕ್ಷೆಯ ಹೊಣೆ ಹೊತ್ತಾಗ ಅದೂ ಇದೇ ದಾರಿ ಹಿಡಿಯಿತು. ಬ್ಯಾಂಕ್, ರೈಲ್ವೆ ನೇಮಕಾತಿಗಳಿಗೂ ಇದೇ ಪದ್ಧತಿ ಬಂದಿದೆ. ಹೀಗಿರುವಾಗ ಈ ಪದ್ಧತಿ ಬೇಕೋ ಬೇಡವೋ ಎಂದು ಚರ್ಚಿಸುತ್ತ ಕೂಡುವುದಕ್ಕಿಂತ, ಇದರಿಂದ ಆಗುವ ಲಾಭವೇನು, ಹಾನಿಯೇನು, ಹಾನಿಗೆ ಗುರಿಯಾಗುವವರು ಯಾರು ಎಂಬುದನ್ನು ಅರಿಯುವುದು ನಮ್ಮೆಲ್ಲರಿಗೂ ಅಗತ್ಯ.

ಒಂದೇ ಹೆಸರು, ಎರಡು ವ್ಯವಸ್ಥೆ

ಆನ್‌ಲೈನ್ ಪರೀಕ್ಷೆ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಕರೆಯುತ್ತೇವೆ. ಮೊದಲನೆಯದು, ವಿದ್ಯಾರ್ಥಿ ತನ್ನ ಮನೆಯಲ್ಲಿಯೇ ಕುಳಿತು ಬರೆಯುವ ಪರೀಕ್ಷೆ. ಕೋವಿಡ್ ಕಾಲದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಅನುಸರಿಸಿದವು. 2020ರಲ್ಲಿ ದೆಹಲಿ ವಿಶ್ವವಿದ್ಯಾಲಯವು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ತೆರೆದ ಪುಸ್ತಕದ ಪರೀಕ್ಷೆ ನಡೆಸಿತು. ಪ್ರಶ್ನೆಪತ್ರಿಕೆಯನ್ನು ಇಂಟರ್‌ನೆಟ್ ಮೂಲಕ ಪಡೆದು, ಕಾಗದದ ಮೇಲೆ ಉತ್ತರ ಬರೆದು, ಅದರ ಚಿತ್ರ ತೆಗೆದು ಕಳುಹಿಸಬೇಕಾಗಿತ್ತು. ಇದರಿಂದ ತಮಗಾಗುವ ತೊಂದರೆಯನ್ನು ದೃಷ್ಟಿ ವಿಶೇಷಚೇತನ ವಿದ್ಯಾರ್ಥಿಗಳ ಪರವಾಗಿ ದೆಹಲಿ ಹೈಕೋರ್ಟಿನ ಗಮನಕ್ಕೆ ತರಲಾಯಿತು. ಮಹಾಮಾರಿಯ ಕಾಲದಲ್ಲಿ ಶಿಕ್ಷಣ ನಿಲ್ಲದಂತೆ ನೋಡಿಕೊಂಡದ್ದು ಈ ಬಗೆಯ ಪರೀಕ್ಷೆಯ ದೊಡ್ಡ ಉಪಕಾರ. ಆದರೆ ಉತ್ತರ ಬರೆದವರು ಯಾರು, ಯಾರ ನೆರವಿನಿಂದ ಬರೆದರು ಎಂಬುದಕ್ಕೆ ಇಲ್ಲಿ ದೃಢವಾದ ಸಾಕ್ಷ್ಯ ದೊರೆಯುವುದಿಲ್ಲ.

ಎರಡನೆಯದು, ನಿಗದಿತ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರಿನಲ್ಲಿ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ. ಮೇಲೆ ಹೇಳಿದ ಕ್ಯಾಟ್, ಗೇಟ್, ಜೆಇಇ ಎಲ್ಲವೂ ಈ ಬಗೆಯವು. ನಮ್ಮ ಮಕ್ಕಳ ಭವಿಷ್ಯವನ್ನು ಹೆಚ್ಚಾಗಿ ನಿರ್ಧರಿಸುವುದು ಇವೇ ಆದ್ದರಿಂದ, ಮುಂದಿನ ವಿಚಾರವನ್ನು ಈ ಬಗೆಯ ಪರೀಕ್ಷೆಗೆ ಸೀಮಿತಗೊಳಿಸುತ್ತೇವೆ.

ಅನುಕೂಲಗಳು

ಮೊದಲನೆಯ ಅನುಕೂಲವೆಂದರೆ ಪ್ರಶ್ನೆಪತ್ರಿಕೆಯ ರಕ್ಷಣೆ. ಕಾಗದದ ಪ್ರಶ್ನೆಪತ್ರಿಕೆ ಮುದ್ರಣಾಲಯ, ಖಜಾನೆ, ವಾಹನ, ಕೇಂದ್ರ ಎಂದು ಹಲವು ಕೈಗಳನ್ನು ದಾಟಿ ಬರುತ್ತದೆ. ಆ ಹಾದಿಯಲ್ಲಿ ಒಂದೇ ಒಂದು ಕೈ ಅಪ್ರಾಮಾಣಿಕವಾದರೂ ಲಕ್ಷಾಂತರ ಮಕ್ಕಳ ಶ್ರಮ ನೀರುಪಾಲಾಗುತ್ತದೆ. 2016ರಲ್ಲಿ ನಮ್ಮ ರಾಜ್ಯದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿಕೆಯಾಗಿ, ಏಪ್ರಿಲ್ 12ರಂದು ಮತ್ತೆ ಪರೀಕ್ಷೆ ನಡೆಸಬೇಕಾಗಿ ಬಂದುದನ್ನು ಅಂದಿನ ವಿದ್ಯಾರ್ಥಿಗಳು ಮರೆತಿರಲಾರರು. ಕಂಪ್ಯೂಟರ್ ಪರೀಕ್ಷೆಯಲ್ಲಿ ಪ್ರಶ್ನೆಗಳು ಗೂಢಲಿಪಿಯ ರೂಪದಲ್ಲಿ ಕೇಂದ್ರದ ಸರ್ವರಿಗೆ ತಲುಪಿ, ನಿಗದಿತ ವೇಳೆಗೆ ಮಾತ್ರ ತೆರೆದುಕೊಳ್ಳುತ್ತವೆ. ಲೇಖನಿ ಮತ್ತು ಕಾಗದದ ಮೇಲೆ 2024ರ ಜೂನ್ 18ರಂದು ನಡೆದ ಯುಜಿಸಿ ನೆಟ್ ಪರೀಕ್ಷೆ ಮರುದಿನವೇ ರದ್ದಾದಾಗ, ಮರುಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ನಡೆಸಲಾಯಿತು.

ಎರಡನೆಯದು ಉತ್ತರಗಳ ಭದ್ರತೆ. 2021ರ ಅಕ್ಟೋಬರಿನಲ್ಲಿ ರಾಜ್ಯದ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಒಎಂಆರ್ ಹಾಳೆಗಳನ್ನು ತಿದ್ದಿದ ಆರೋಪಗಳು ಹೊರಬಂದು, ಪರೀಕ್ಷೆ ರದ್ದಾಗಿ, 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ಪ್ರಾಮಾಣಿಕವಾಗಿ ಓದಿದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಕಂಪ್ಯೂಟರಿನಲ್ಲಿ ಪ್ರತಿಯೊಂದು ಉತ್ತರವೂ ಆಯಾ ಕ್ಷಣದಲ್ಲಿ ದಾಖಲಾಗುವುದರಿಂದ ಆಮೇಲೆ ಗುರುತು ತುಂಬುವುದು ಸುಲಭವಲ್ಲ.

ಮೂರನೆಯದು ಪಾರದರ್ಶಕತೆ. ಜೆಇಇ ಮೇನ್ ಬರೆದ ವಿದ್ಯಾರ್ಥಿಗೆ ತಾನು ಕೊಟ್ಟ ಉತ್ತರಗಳ ದಾಖಲೆಯೂ ತಾತ್ಕಾಲಿಕ ಸರಿಯುತ್ತರಗಳ ಪಟ್ಟಿಯೂ ಫಲಿತಾಂಶಕ್ಕೆ ಮೊದಲೇ ದೊರೆಯುತ್ತವೆ. ಸರಿಯುತ್ತರ ತಪ್ಪೆಂದು ಕಂಡರೆ ನಿಗದಿತ ಶುಲ್ಕ ಕಟ್ಟಿ ಆಕ್ಷೇಪಣೆ ಸಲ್ಲಿಸಬಹುದು. ಇದರ ಜೊತೆಗೆ, ಒಎಂಆರ್ ಹಾಳೆಯಲ್ಲಿ ಒಮ್ಮೆ ಬಾಲ್ ಪೆನ್ನಿನಿಂದ ತುಂಬಿದ ವೃತ್ತವನ್ನು ಬದಲಿಸಲಾಗದು. ಪರದೆಯಲ್ಲಾದರೆ ವೇಳೆ ಮುಗಿಯುವವರೆಗೆ ಆಯ್ಕೆಯನ್ನು ತಿದ್ದಿಕೊಳ್ಳುವ ಅವಕಾಶವುಂಟು. ಫಲಿತಾಂಶ ಬೇಗ ಬರುವುದು, ಕಾಗದ ಉಳಿಯುವುದು ಇವುಗಳ ಮೇಲಿನ ಲಾಭ.

ಭಾಷೆಯ ವಿಷಯದಲ್ಲಿಯೂ ಒಂದು ಒಳ್ಳೆಯ ಬೆಳವಣಿಗೆ ಆಗಿದೆ. 2021ರಿಂದ ಜೆಇಇ ಮೇನ್ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ.

ಅನಾನುಕೂಲಗಳು

ಇಷ್ಟೆಲ್ಲ ಗುಣಗಳಿದ್ದರೂ ಒಂದು ಪ್ರಶ್ನೆ ನಮ್ಮನ್ನು ಬಾಧಿಸುತ್ತದೆ: ಈ ಪರೀಕ್ಷೆ ಅಳೆಯುತ್ತಿರುವುದು ವಿದ್ಯೆಯನ್ನೋ, ಯಂತ್ರದ ಪರಿಚಯವನ್ನೋ? 2017–18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಪ್ರಕಾರ, ದೇಶದ ನಗರಗಳಲ್ಲಿ ಶೇ. 23.4ರಷ್ಟು ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದರೆ, ಗ್ರಾಮಗಳಲ್ಲಿ ಇದ್ದುದು ಶೇ. 4.4ರಷ್ಟು ಕುಟುಂಬಗಳಲ್ಲಿ ಮಾತ್ರ. ಆ ಬಳಿಕ ಮೊಬೈಲ್ ಹಳ್ಳಿಹಳ್ಳಿಗೂ ಹಬ್ಬಿದೆ, ನಿಜ. ಆದರೆ ಮೊಬೈಲ್ ಬಲ್ಲವನು ಕಂಪ್ಯೂಟರ್ ಬಲ್ಲನೆಂದು ತಿಳಿಯುವುದು ತಪ್ಪು. ಬೆರಳಿನಿಂದ ಪರದೆ ಸರಿಸಿ ರೂಢಿಯಾದ ಮಗು ಮೌಸ್ ಹಿಡಿದಾಗ ತಡವರಿಸುತ್ತದೆ. ನಗರದ ಕೋಚಿಂಗ್ ಕೇಂದ್ರದಲ್ಲಿ ಹತ್ತಾರು ಅಣಕು ಪರೀಕ್ಷೆ ಬರೆದ ವಿದ್ಯಾರ್ಥಿಯ ಪಕ್ಕದಲ್ಲಿಯೇ, ಮೊದಲ ಬಾರಿಗೆ ಮೌಸ್ ಮುಟ್ಟುತ್ತಿರುವ ಕೂಲಿಕಾರರ ಮನೆಯ ಹುಡುಗಿಯೂ ಕುಳಿತಿರಬಹುದು. ಇಬ್ಬರಿಗೂ ಸಮಯ ಮೂರೇ ಗಂಟೆ. ಆ ಹುಡುಗಿ ಮೊದಲ ಹತ್ತು ನಿಮಿಷ ಕಳೆದುಕೊಂಡರೆ, ಅದು ಅವಳ ಓದಿನ ಕೊರತೆಯಲ್ಲ. ಅವಳಿಗೆ ಒದಗದ ಅವಕಾಶದ ಕೊರತೆ.

ಎರಡನೆಯ ತೊಡಕು ಯಂತ್ರದ ಅನಿಶ್ಚಿತತೆ. 2009ರಲ್ಲಿ ಕ್ಯಾಟ್ ಮೊದಲ ಬಾರಿ ಕಂಪ್ಯೂಟರಿನಲ್ಲಿ ನಡೆದಾಗ ತಾಂತ್ರಿಕ ದೋಷಗಳಿಂದ ಅನೇಕರು ಪರೀಕ್ಷೆ ಪೂರೈಸಲಾಗಲಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ 2022ರಲ್ಲಿ ಆರಂಭವಾದ ಸಿಯುಇಟಿ ಪರೀಕ್ಷೆ ಅದೇ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಹಲವು ಕೇಂದ್ರಗಳಲ್ಲಿ ತಾಂತ್ರಿಕ ಕಾರಣದಿಂದ ರದ್ದಾಯಿತು. ದೂರದ ಊರಿಗೆ ಬಸ್ಸಿನಲ್ಲಿ ಹೋಗಿ, ಲಾಡ್ಜಿನಲ್ಲಿ ತಂಗಿ, ಪರೀಕ್ಷೆ ಇಲ್ಲವೆಂದು ಮರಳುವ ಬಡ ಕುಟುಂಬಕ್ಕೆ ಆ ಖರ್ಚನ್ನು ತುಂಬಿಕೊಡುವವರು ಯಾರು?

ಮೂರನೆಯದು ಪಾಳಿಗಳ ಗೊಂದಲ. ಎಲ್ಲರಿಗೂ ಒಂದೇ ದಿನ ಕಂಪ್ಯೂಟರ್ ಒದಗಿಸಲಾಗದ ಕಾರಣ ಹಲವು ದಿನ, ಹಲವು ಪಾಳಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆಗಳನ್ನು ಕೊಡಲಾಗುತ್ತದೆ. ಒಂದು ಪಾಳಿಯ ಪತ್ರಿಕೆ ಸುಲಭ, ಇನ್ನೊಂದರದು ಕಠಿಣ ಆಗುವುದು ಸಹಜ. ಇದನ್ನು ಸರಿದೂಗಿಸಲು ಪರ್ಸೆಂಟೈಲ್ ಎಂಬ ಲೆಕ್ಕ ಬಂದಿದೆ. ಒಂದು ಉದಾಹರಣೆ ನೋಡೋಣ. ಎರಡು ಪಾಳಿಗಳಲ್ಲಿ ತಲಾ ಒಂದು ಲಕ್ಷ ವಿದ್ಯಾರ್ಥಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಸುಲಭ ಪಾಳಿಯಲ್ಲಿ 180 ಅಂಕ ಅಥವಾ ಅದಕ್ಕಿಂತ ಕಡಿಮೆ ಪಡೆದವರು 98,000 ಜನ. ಕಠಿಣ ಪಾಳಿಯಲ್ಲಿ 160 ಅಂಕ ಅಥವಾ ಅದಕ್ಕಿಂತ ಕಡಿಮೆ ಪಡೆದವರೂ 98,000 ಜನ. ಆಗ 180 ಅಂಕದವರಿಗೂ 160 ಅಂಕದವರಿಗೂ ಸಿಗುವುದು 98 ಪರ್ಸೆಂಟೈಲ್. ಎರಡೂ ಪಾಳಿಗಳಲ್ಲಿ ಜಾಣರೂ ಸಾಮಾನ್ಯರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಹಂಚಿಹೋಗಿರುತ್ತಾರೆ ಎಂಬ ನಂಬಿಕೆಯೇ ಈ ಲೆಕ್ಕದ ತಳಹದಿ. ಲೆಕ್ಕ ನ್ಯಾಯವಾದದ್ದೇ ಇರಬಹುದು. ಆದರೆ ತನ್ನ ಅಂಕ ಹೀಗೇಕೆ ಬದಲಾಯಿತೆಂದು ತಿಳಿಯದ ವಿದ್ಯಾರ್ಥಿಯ ಮನದಲ್ಲಿ ಅನುಮಾನ ಉಳಿಯುತ್ತದೆ. ಆದ್ದರಿಂದ ಫಲಿತಾಂಶ ನೋಡುವ ಮೊದಲೇ ಪಾಲಕರೂ ಮಕ್ಕಳೂ ಇದನ್ನು ತಿಳಿದುಕೊಂಡಿರುವುದು ಹಿತ.

ನಾಲ್ಕನೆಯದು ಪ್ರಶ್ನೆಗಳ ಸ್ವರೂಪ. ಕಂಪ್ಯೂಟರ್ ಸುಲಭವಾಗಿ ತಿದ್ದಬಲ್ಲದ್ದು ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಯನ್ನು, ಅಥವಾ ಸಂಖ್ಯೆಯ ಉತ್ತರವನ್ನು. ಒಂದು ಪದ್ಯದ ಸ್ವಾರಸ್ಯವನ್ನು ವಿವರಿಸುವುದು, ಒಂದು ಪ್ರಮೇಯವನ್ನು ಹಂತಹಂತವಾಗಿ ಸಾಧಿಸುವುದು, ಒಂದು ವಿಚಾರವನ್ನು ತನ್ನದೇ ಮಾತಿನಲ್ಲಿ ಕಟ್ಟುವುದು ಈ ಅಳತೆಗೆ ಸಿಗುವುದಿಲ್ಲ. ಉತ್ತರವನ್ನು ಟೈಪ್ ಮಾಡಿಸಬಹುದಲ್ಲ ಎಂದರೆ, ಕನ್ನಡದಲ್ಲಿ ಒತ್ತಕ್ಷರ, ಗುಣಿತಗಳನ್ನು ಕೀಲಿಮಣೆಯಲ್ಲಿ ಸರಾಗವಾಗಿ ಮೂಡಿಸಲು ಬಲ್ಲ ಶಾಲಾ ಮಕ್ಕಳು ವಿರಳ. ಆದುದರಿಂದ ಎಸ್‌ಎಸ್‌ಎಲ್‌ಸಿಯಂತಹ ಪರೀಕ್ಷೆಗಳಲ್ಲಿ ಕೈಬರಹದ ಉತ್ತರಕ್ಕೆ ಇರುವ ಸ್ಥಾನ ಉಳಿಯಲೇಬೇಕೆಂಬುದು ನಮ್ಮ ಅಭಿಪ್ರಾಯ. ಕನ್ನಡದಲ್ಲಿ ಜೆಇಇ ಬರೆಯುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಅನುವಾದದಲ್ಲಿ ಸಂದೇಹ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮ. ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಅರಿತಿರುವುದು ಜಾಣತನ.

ಕೊನೆಯದಾಗಿ, ಯಂತ್ರ ಬಂದ ಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ. 2021ರ ಜೆಇಇ ಮೇನ್ ಸಂದರ್ಭದಲ್ಲಿ, ಹರಿಯಾಣದ ಸೋನಿಪತ್‌ನ ಒಂದು ಕೇಂದ್ರದ ಕಂಪ್ಯೂಟರುಗಳನ್ನು ದೂರದಿಂದಲೇ ನಿಯಂತ್ರಿಸಿ ಉತ್ತರ ತುಂಬಿಸಿದ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು. ಬೀಗ ಎಷ್ಟೇ ಗಟ್ಟಿಯಿದ್ದರೂ ಕೀಲಿ ಹಿಡಿದವನ ಮನಸ್ಸು ಶುದ್ಧವಿರಬೇಕು.

ನಾವು ಮಾಡಬೇಕಾದುದು

ಅನಾನುಕೂಲಗಳಲ್ಲಿ ಕೆಲವನ್ನು ಸರ್ಕಾರವೇ ನೀಗಬೇಕು. ತಾಲ್ಲೂಕಿಗೆ ಹತ್ತಿರವಾದ ಕೇಂದ್ರ, ನಂಬಿಕಸ್ಥ ಸಿಬ್ಬಂದಿ, ವಿದ್ಯುತ್ತಿಗೆ ಬದಲಿ ವ್ಯವಸ್ಥೆ ಇವು ಅದರ ಹೊಣೆ. ಆದರೆ ಯಂತ್ರದ ಅಪರಿಚಯವೆಂಬ ಮೊದಲ ತೊಡಕನ್ನು ನಾವೇ ನೀಗಬಹುದು; ಅದಕ್ಕೆ ದೊಡ್ಡ ಹಣವೂ ಬೇಕಿಲ್ಲ.

ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಜಾಲತಾಣದಲ್ಲಿ ಅಣಕು ಪರೀಕ್ಷೆಗಳು ಉಚಿತವಾಗಿ ದೊರೆಯುತ್ತವೆ. ವಿದ್ಯಾರ್ಥಿಗಳು ಪರೀಕ್ಷೆಗೆ ಮೊದಲು ಕನಿಷ್ಠ ನಾಲ್ಕೈದು ಬಾರಿಯಾದರೂ ಇವುಗಳನ್ನು ಮೊಬೈಲಿನಲ್ಲಿ ಅಲ್ಲ, ಕಂಪ್ಯೂಟರಿನಲ್ಲಿಯೇ ಬರೆಯಬೇಕು. ಪರದೆಯ ಬದಿಯಲ್ಲಿ ಕಾಣುವ ಬಣ್ಣಗಳ ಅರ್ಥವನ್ನು ಮನದಟ್ಟು ಮಾಡಿಕೊಳ್ಳಬೇಕು: ಹಸಿರು ಉತ್ತರಿಸಿದ ಪ್ರಶ್ನೆ, ಕೆಂಪು ನೋಡಿಯೂ ಉತ್ತರಿಸದ ಪ್ರಶ್ನೆ, ನೇರಳೆ ಮತ್ತೆ ನೋಡಲು ಗುರುತಿಟ್ಟ ಪ್ರಶ್ನೆ. ಉತ್ತರ ಆರಿಸಿದ ಮೇಲೆ ‘ಸೇವ್ ಅಂಡ್ ನೆಕ್ಸ್ಟ್’ ಗುಂಡಿಯನ್ನು ಒತ್ತಲೇಬೇಕು. ಒತ್ತದೆ ಬೇರೆ ಪ್ರಶ್ನೆಯ ಸಂಖ್ಯೆಗೆ ಹಾರಿದರೆ ಆ ಉತ್ತರ ಉಳಿಯುವುದಿಲ್ಲ. ಪರೀಕ್ಷೆಯ ನಡುವೆ ಕಂಪ್ಯೂಟರ್ ಕೆಟ್ಟರೆ ಎದೆಗುಂದದೆ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಬೇಕು. ಬೇರೆ ಕಂಪ್ಯೂಟರ್ ಒದಗಿಸಿ, ಕಳೆದುಹೋದ ಸಮಯವನ್ನು ಮರಳಿ ಕೊಡಬೇಕೆಂಬುದು ಜೆಇಇ ಮೇನ್‌ನ ನಿಯಮದಲ್ಲಿಯೇ ಇದೆ. ಇದನ್ನು ಕೇಳಿ ಪಡೆಯುವುದು ವಿದ್ಯಾರ್ಥಿಯ ಹಕ್ಕು.

ಇನ್ನು ಸಂಸ್ಥೆಗಳ ಪಾಲು. ಅನೇಕ ಶಾಲಾ ಕಾಲೇಜುಗಳ ಕಂಪ್ಯೂಟರ್ ಕೊಠಡಿಗಳು ಸಂಜೆಯಾಗುತ್ತಲೇ ಬೀಗ ಕಾಣುತ್ತವೆ. ಆ ಬೀಗವನ್ನು ಸಂಜೆ ಎರಡು ಗಂಟೆ ತೆರೆದರೆ ಎಷ್ಟೋ ಮಕ್ಕಳ ಭಯ ಕಳೆಯುತ್ತದೆ. ಮಠಗಳ ಪ್ರಸಾದ ನಿಲಯಗಳಲ್ಲಿ, ಸರ್ಕಾರಿ ವಿದ್ಯಾರ್ಥಿ ನಿಲಯಗಳಲ್ಲಿ, ಕಂಪ್ಯೂಟರ್ ಇರುವ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ವಾರಕ್ಕೊಂದು ಅಣಕು ಪರೀಕ್ಷೆ ನಡೆಯಲಿ. ಈಗಾಗಲೇ ಇಂತಹ ಪರೀಕ್ಷೆ ಬರೆದು ಎಂಜಿನಿಯರಿಂಗ್ ಓದುತ್ತಿರುವ ಊರಿನ ಹಿರಿಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ, ಕಿರಿಯರ ಪಕ್ಕದಲ್ಲಿ ಕುಳಿತು ಹೇಳಿಕೊಡಲಿ. ಪಾಲಕರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಹತ್ತಿರದ ಶಾಲೆಯನ್ನು ಒಮ್ಮೆ ನೆನೆಯಲಿ.

ಆನ್‌ಲೈನ್ ಪರೀಕ್ಷೆ ಕಳ್ಳರ ಕೈಯಿಂದ ಪ್ರಶ್ನೆಪತ್ರಿಕೆಯನ್ನು ಕಾಪಾಡುವಲ್ಲಿ ನೆರವಾಗುತ್ತದೆ, ಆದ್ದರಿಂದ ಸ್ವಾಗತಾರ್ಹ. ಅದೇ ಪರೀಕ್ಷೆ ಬಡವರ ಮಗುವನ್ನು ಬಾಗಿಲಲ್ಲೇ ತಡೆಯುವುದಾದರೆ ಆ ಲಾಭಕ್ಕೆ ಅರ್ಥವಿಲ್ಲ. ಒರೆಗಲ್ಲು ಯಾವುದೇ ಇರಲಿ, ಚಿನ್ನದ ಬೆಲೆ ಕೆಡಬಾರದು. ಈ ಶೈಕ್ಷಣಿಕ ವರ್ಷದಲ್ಲಿ ಪರೀಕ್ಷಾ ಕೇಂದ್ರದೊಳಗೆ ಕಾಲಿಡುವ ಯಾವ ಮಗುವೂ ಅಲ್ಲಿಯೇ ಮೊದಲ ಬಾರಿಗೆ ಮೌಸ್ ಹಿಡಿಯುವಂತಾಗದಿರಲಿ. ಅಷ್ಟನ್ನು ನಾವೆಲ್ಲ ಕೂಡಿ ಮಾಡಿಕೊಟ್ಟರೆ, ಉಳಿದುದನ್ನು ನಮ್ಮ ಮಕ್ಕಳು ತಮ್ಮ ಶ್ರಮದಿಂದಲೇ ಸಾಧಿಸಿ ತೋರುವರು.