ಮನೆ, ಕೊಟ್ಟಿಗೆಗಳಲ್ಲಿ ಇಲಿ ಹೆಗ್ಗಣಗಳ ಕಾಟ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಸುಗ್ಗಿ ಮುಗಿದು ಜೋಳ, ತೊಗರಿ ಮನೆ ಸೇರಿದ ಮೇಲೆ ರೈತ ದಂಪತಿಗಳಿಗೆ ನೆಮ್ಮದಿಯಾಗುವುದು ಸಹಜ. ಆದರೆ ಅದೇ ದಿನಗಳಲ್ಲಿ, ಹೊಲದಲ್ಲಿ ಆಹಾರ ತೀರಿದ ಇಲಿ ಹೆಗ್ಗಣಗಳೂ ಊರಿನತ್ತ ಮುಖ ಮಾಡುತ್ತವೆ. ಭೀಮಾ ತೀರದ ಸೊನ್ನದಲ್ಲಾಗಲಿ, ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳ ಇತರ ಗ್ರಾಮಗಳಲ್ಲಾಗಲಿ ಮನೆ, ದನದ ಕೊಟ್ಟಿಗೆ, ಕಣಿಕೆಯ ಬಣವೆಗಳು ಒಂದಕ್ಕೊಂದು ಹತ್ತಿರದಲ್ಲಿದ್ದರೆ ಈ ಪ್ರಾಣಿಗಳಿಗೆ ಆಹಾರವೂ ಆಶ್ರಯವೂ ಒಂದೆಡೆಯೇ ದೊರೆಯುತ್ತವೆ.

ನಷ್ಟವೆಷ್ಟು?

ದೊಡ್ಡ ಇಲಿಯೊಂದು ದಿನಕ್ಕೆ ಸುಮಾರು 25 ಗ್ರಾಂ ಕಾಳು ತಿನ್ನಬಲ್ಲದು. 40 ಇಲಿಗಳಿದ್ದರೆ ದಿನಕ್ಕೆ ಒಂದು ಕಿಲೋ, ವರ್ಷಕ್ಕೆ ಮೂರೂವರೆ ಕ್ವಿಂಟಲಿಗೂ ಮಿಗಿಲು. ನಿಮ್ಮ ಮಕ್ಕಳ ರೊಟ್ಟಿಯೇ ಹೀಗೆ ಕಳವಾಗುತ್ತದೆ. ಹೆಣ್ಣಿಲಿಯು ಗರ್ಭ ಧರಿಸಿದ ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಮೂರು ತಿಂಗಳೊಳಗೆ ಆ ಮರಿಗಳೂ ಮರಿ ಹಾಕುವಷ್ಟು ಬೆಳೆಯುತ್ತವೆ.

ಆರೋಗ್ಯಕ್ಕೆ ಹಾನಿ

ಇಲಿಯ ಮೂತ್ರ ಬೆರೆತ ನೀರು, ಕೆಸರುಗಳಿಂದ ಇಲಿ ಜ್ವರ ಹರಡುತ್ತದೆ. ಕಾಲಿನ ಸಣ್ಣ ಗಾಯದ ಮೂಲಕವೂ ಇದರ ರೋಗಾಣು ದೇಹವನ್ನು ಸೇರಬಲ್ಲದು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಂತಹ ಪ್ರವಾಹಗಳ ತರುವಾಯ ಈ ಅಪಾಯ ಹೆಚ್ಚು. ತೀವ್ರ ಜ್ವರ, ತಲೆನೋವು, ಮೀನಖಂಡಗಳಲ್ಲಿ ನೋವು, ಕೆಂಪಾದ ಕಣ್ಣು, ಕಾಮಾಲೆ ಇದರ ಲಕ್ಷಣಗಳು. ಗರ್ಭಿಣಿಗೆ ಈ ರೋಗ ತಗುಲಿದರೆ ಗರ್ಭಪಾತವೂ ಆಗಬಹುದು. ಆದುದರಿಂದ ಕೊಟ್ಟಿಗೆ ಗುಡಿಸುವ ಕೆಲಸವನ್ನು ಗರ್ಭಿಣಿ ಪತ್ನಿಗೆ ಬಿಡದೆ ಪತಿಯೇ ವಹಿಸಿಕೊಳ್ಳುವುದು ಉಚಿತ. ಜ್ವರ ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಬೇಗ ಚಿಕಿತ್ಸೆ ದೊರೆತರೆ ರೋಗ ಗುಣವಾಗುತ್ತದೆ. ಇಲಿಯ ಬೆನ್ನು ಹತ್ತಿ ಹಾವೂ ಮನೆಗೆ ಬರುತ್ತದೆಂಬುದನ್ನು ಮರೆಯಬೇಡಿರಿ.

ಮೊದಲ ಉಪಾಯ: ಆಹಾರ, ಆಶ್ರಯಗಳನ್ನು ತಪ್ಪಿಸುವುದು

1. ಕಾಳನ್ನು ಚೆನ್ನಾಗಿ ಒಣಗಿಸಿ, ಬಿಗಿಯಾದ ಮುಚ್ಚಳವಿರುವ ತಗಡಿನ ಡಬ್ಬಿ ಅಥವಾ ಕಣಜಗಳಲ್ಲಿ ತುಂಬಿಡಿರಿ. ಮೂಟೆಗಳನ್ನು ನೆಲದ ಮೇಲಿಡದೆ, ಗೋಡೆಗೆ ತಾಗಿಸದೆ, ಹಲಗೆಗಳ ಮೇಲೆ ಜೋಡಿಸಿರಿ.

2. ದನಗಳು ತಿಂದು ಉಳಿದ ಹಿಂಡಿ, ಹೊಟ್ಟುಗಳನ್ನು ರಾತ್ರಿ ಗೋದಲಿಯಲ್ಲಿ ಬಿಡಬೇಡಿರಿ. ಎಂಜಲು ಪಾತ್ರೆಗಳನ್ನು ತೊಳೆದೇ ಮಲಗಿರಿ.

3. ಬಣವೆ, ತಿಪ್ಪೆ, ಸೌದೆಗಳನ್ನು ಮನೆಯಿಂದ ದೂರವಿಡಿರಿ.

4. ಬಿಲಗಳಿಗೆ ಗಾಜಿನ ಚೂರು, ಕಲ್ಲು ತುಂಬಿ ಸಿಮೆಂಟಿನಿಂದ ಮುಚ್ಚಿರಿ. ಬಾಗಿಲ ಕೆಳಭಾಗಕ್ಕೆ ತಗಡು ಹೊಡೆಯಿರಿ.

5. ಹಿಕ್ಕೆಗಳನ್ನು ಒಣಗಿದಂತೆಯೇ ಗುಡಿಸದೆ, ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿದ ಮೇಲೆ ತೆಗೆಯಿರಿ.

ಇಷ್ಟಾದ ಮೇಲೂ ಉಳಿದವುಗಳಿಗೆ ಬೋನು ಇಡಿರಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿರಿ.

ವಿಷದ ವಿಷಯದಲ್ಲಿ ಎಚ್ಚರಿಕೆ

ಇಲಿಯನ್ನು ಕೊಲ್ಲುವ ವಿಷಕ್ಕೆ ಮನುಷ್ಯ, ದನ, ನಾಯಿ ಎಂಬ ಭೇದವಿಲ್ಲ. ರೊಟ್ಟಿಯ ಚೂರಿಗೆ ಹಚ್ಚಿಟ್ಟ ವಿಷವನ್ನು ಅರಿಯದ ಮಗು ತಿಂಡಿಯೆಂದು ಬಾಯಿಗಿಡಬಹುದು. ಜಿಂಕ್ ಫಾಸ್ಫೈಡ್ ಪುಡಿಗಾಗಲಿ, ಹಳದಿ ರಂಜಕ ಬೆರೆತ ಇಲಿ ಪೇಸ್ಟಿಗಾಗಲಿ ಪ್ರತ್ಯೌಷಧವಿಲ್ಲ. ಪೇಸ್ಟು ತಿಂದವರು ಮೊದಲೆರಡು ದಿನ ಸ್ವಸ್ಥರಂತೆ ತೋರಿದರೂ ಅನಂತರ ಯಕೃತ್ತು ಕೆಡಬಹುದು. ಕಾಳಿನ ನಡುವೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನಿಟ್ಟು ಅದೇ ಮನೆಯಲ್ಲಿ ಮಲಗುವುದಂತೂ ಪ್ರಾಣಾಂತಿಕ. ಅವುಗಳಿಂದ ಹೊರಡುವ ಅನಿಲವು ನಿದ್ರೆಯಲ್ಲಿರುವವರನ್ನೇ ಕೊಲ್ಲಬಲ್ಲದು.

ಆದುದರಿಂದ ಮಕ್ಕಳಿರುವ ಮನೆಯಲ್ಲಿ ವಿಷವನ್ನು ದಾಸ್ತಾನು ಮಾಡಬಾರದು. ಅನಿವಾರ್ಯವಾದರೆ ಕೃಷಿ ಇಲಾಖೆಯವರ ಸಲಹೆ ಪಡೆದು, ಮನೆಯ ಹೊರಗಿನ ಬಿಲಗಳಲ್ಲಿ ಮಾತ್ರ ಇಟ್ಟು, ಉಳಿದುದನ್ನು ಮರುದಿನವೇ ಹೂಳತಕ್ಕದ್ದು. ಯಾರಾದರೂ ವಿಷ ತಿಂದ ಸಂಶಯ ಬಂದರೆ, ಲಕ್ಷಣಗಳಿಗಾಗಿ ಕಾಯದೆ, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸದೆ, 108ಕ್ಕೆ ಕರೆ ಮಾಡಿ ವಿಷದ ಪೊಟ್ಟಣದೊಡನೆ ಆಸ್ಪತ್ರೆಗೆ ಒಯ್ಯಿರಿ.

ಪತಿ ಬಿಲ ಮುಚ್ಚಿ, ಪತ್ನಿ ಕಾಳನ್ನು ಬಯಲಲ್ಲೇ ಬಿಟ್ಟರೆ ಶ್ರಮ ವ್ಯರ್ಥ. ಪತ್ನಿ ಕಾಳು ಮುಚ್ಚಿಟ್ಟು, ಪತಿ ಹಿಂಡಿಯನ್ನು ಕೊಟ್ಟಿಗೆಯಲ್ಲಿ ಚೆಲ್ಲಿದರೂ ಅಷ್ಟೇ. ಇಬ್ಬರೂ ಕೂಡಿ ಈ ವಾರವೇ ಒಂದು ದಿನ ಗೊತ್ತುಮಾಡಿ ಮನೆ, ಕೊಟ್ಟಿಗೆಗಳನ್ನು ಸುತ್ತಿ ನೋಡಿರಿ. ನೆರೆಮನೆಯವರಿಗೂ ತಿಳಿಸಿರಿ, ಒಂದು ಮನೆಯಿಂದ ಓಡಿದ ಇಲಿ ಪಕ್ಕದ ಮನೆಯನ್ನೇ ಸೇರುತ್ತದೆ.