ನಿಮಗಿದು ಗೊತ್ತೆ? ದತ್ತು ನಾಯಿಯ ಮೊದಲ ರಾತ್ರಿಗಳು

ದತ್ತು ತಂದ ದೊಡ್ಡ ನಾಯಿ ರಾತ್ರಿ ಕುಂಯ್‌ಗುಟ್ಟಿದರೆ ‘ಕಿವಿಗೆ ಹಾಕಿಕೊಳ್ಳಬೇಡಿ, ತಾನೇ ಸುಮ್ಮನಾಗುತ್ತದೆ’ ಎನ್ನುವವರೇ ಹೆಚ್ಚು. ಈ ಸಲಹೆ ಸರಿಯಲ್ಲ. ಅಮೆರಿಕದ ಆಶ್ರಯಧಾಮವೊಂದರ ನಾಯಿಗಳ ರಕ್ತ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಮೊದಲ ಮೂರು ದಿನ ಹೆಚ್ಚಾಗಿದ್ದು ಆಮೇಲೆ ಇಳಿದಿತ್ತು. ಅಂದರೆ ಜಾಗ ಬದಲಾದ ಆರಂಭದ ದಿನಗಳ ಅಳು ಹಟವಲ್ಲ, ಭಯ. ಅದಕ್ಕೆ ಮದ್ದು ಮನುಷ್ಯರ ಸಾಮೀಪ್ಯ. ದೊಡ್ಡ ನಾಯಿ ಹೊಸಬರಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಮಾತಿಗೂ ಆಧಾರವಿಲ್ಲ: ಆಶ್ರಯಧಾಮದ ವಯಸ್ಕ ನಾಯಿಗಳು ಹತ್ತು ಹತ್ತು ನಿಮಿಷದ ಮೂರೇ ಭೇಟಿಗಳಲ್ಲಿ ಹೊಸ ವ್ಯಕ್ತಿಯನ್ನು ಹಚ್ಚಿಕೊಂಡದ್ದನ್ನು ಹಂಗೇರಿಯ ಸಂಶೋಧಕರು 2001ರಲ್ಲಿ ತೋರಿಸಿದರು.

ಆದ್ದರಿಂದ ಮೊದಲ ಕೆಲವು ರಾತ್ರಿ ಅದರ ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ, ಕೈ ಇಳಿಬಿಟ್ಟರೆ ಬೆನ್ನಿಗೆ ತಾಗುವಷ್ಟು ಹತ್ತಿರ ಇರಲಿ. ಹಳೆಯ ಜಾಗದಿಂದ ಬಂದ ಬಟ್ಟೆಯಿದ್ದರೆ ಒಗೆಯದೆ ಹಾಸಿ. ಪರಿಚಿತ ವಾಸನೆ ಅದಕ್ಕೆ ದೊಡ್ಡ ಆಸರೆ. ಮಲಗುವ ಮುನ್ನ ಒಮ್ಮೆ ಹೊರಗೆ ಕರೆದೊಯ್ಯಿರಿ. ಹೀಗೆ ಮುದ್ದು ಮಾಡಿದರೆ ತಲೆ ಮೇಲೆ ಕೂರುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಸಂತೈಸಿದ ಮಾತ್ರಕ್ಕೆ ಭಯ ಬೆಳೆಯುವುದಿಲ್ಲ. ಒಂಟಿಯಾಗಿ ಕೂಡಿಹಾಕಿದರೆ ಬೆಳೆಯಬಹುದು. ಮಲಗುವ ಕೋಣೆಗೆ ನಾಯಿ ಬೇಡ ಎನ್ನುವವರು ಕೆಲವು ದಿನ ತಾವೇ ಹಾಲ್‌ನಲ್ಲಿ ಮಲಗಿ, ಬಳಿಕ ನಿಧಾನವಾಗಿ ದೂರ ಸರಿಯಬಹುದು. ಕೆಲವು ನಾಯಿಗಳಿಗೆ ಸಾಮೀಪ್ಯವೇ ಹಿಂಸೆ. ಅವಕ್ಕೆ ಬಾಗಿಲು ತೆರೆದಿಟ್ಟರೆ ಸಾಕು. ವಾರಗಳಾದರೂ ಏದುಸಿರು, ಜೊಲ್ಲು, ಬಾಗಿಲು ಕೆರೆಯುವುದು ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ.