ನದೀತೀರದ ಬಿಡಾರವೂ ಕುಟುಂಬದ ಆರೋಗ್ಯವೂ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ನಮ್ಮ ಹಿರಿಯರ ಮಾತು. ಮುಂಬಯಿಯಲ್ಲಿ ನೆಲೆಸಿರುವ ನಮಗೆ ಕೋಶ ಓದಲು ಲೋಕಲ್ ಗಾಡಿಯ ಪ್ರಯಾಣವಾದರೂ ಉಂಟು. ದೇಶ ಸುತ್ತಲು ಮಾತ್ರ ಮಕ್ಕಳ ಬೇಸಿಗೆಯ ರಜೆಯನ್ನೇ ಕಾಯಬೇಕು. ಹಿಂದೆ ರಜೆಯೆಂದರೆ ಊರಿಗೆ ಹೋಗುವುದೆಂದೇ ಅರ್ಥ. ಅಜ್ಜನ ಮನೆಯ ಅಂಗಳ, ಮಾವಿನ ತೋಪು, ಹೊಳೆಯ ಸ್ನಾನ, ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿ ನಕ್ಷತ್ರಗಳನ್ನು ಎಣಿಸುವುದು, ಇವೆಲ್ಲ ಖರ್ಚಿಲ್ಲದೆ ದೊರೆಯುತ್ತಿದ್ದವು. ಇಂದು ನಮ್ಮಲ್ಲಿ ಅನೇಕರ ಊರಿನ ಮನೆಗೆ ಬೀಗ ಬಿದ್ದಿದೆ. ಆದುದರಿಂದ ಅದೇ ಸುಖವನ್ನು ಹಣ ಕೊಟ್ಟು ಪಡೆಯುವ ಹೊಸ ರೂಢಿಯೊಂದು ಬೆಳೆದಿದೆ: ನದೀತೀರದ ತೋಟದಲ್ಲಿ ಕುಟುಂಬ ಸಮೇತರಾಗಿ ಎರಡು ಮೂರು ದಿನ ಬಿಡಾರ ಹೂಡುವುದು.

ಡೇರೆ, ಗುಡಾರ, ಬಿಡಾರ, ಬೀಡು, ಪಾಳೆಯ ಎಂದು ಇಷ್ಟೊಂದು ಶಬ್ದಗಳಿರುವ ನಮ್ಮ ಭಾಷೆಗೆ ಈ ಕಲ್ಪನೆ ಹೊಸದೇನೂ ಅಲ್ಲ. ಸಾದಾ ಡೇರೆಯಲ್ಲಿ ನೆಲದ ಮೇಲೆ ಮಲಗುವುದು ಒಂದು ಬಗೆ. ಮಂಚ, ಹಾಸಿಗೆ, ಫ್ಯಾನು, ಸ್ನಾನಗೃಹಗಳೆಲ್ಲ ಇರುವ ವೈಭವದ ಡೇರೆ ಇನ್ನೊಂದು ಬಗೆ. ಇದಕ್ಕೆ 'ಗ್ಲಾಂಪಿಂಗ್' ಎಂಬ ಹೆಸರು ಈಚೆಗೆ ಬಳಕೆಗೆ ಬಂದಿದೆ. ಮಹಾರಾಷ್ಟ್ರ ಸರಕಾರವು 2020ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದು ಒಂದು ನೀತಿಯನ್ನೇ ರೂಪಿಸಿದೆ. ನಮ್ಮ ಕರ್ನಾಟಕದಲ್ಲಿಯೂ ದಾಂಡೇಲಿಯ ಕಾಳಿ ನದಿಯ ದಂಡೆ, ಭೀಮೇಶ್ವರಿಯ ಕಾವೇರಿ ತೀರ ಮುಂತಾದೆಡೆ ಇಂತಹ ಬಿಡಾರಗಳಿವೆ. ಇವುಗಳ ಸೊಗಸನ್ನು ವರ್ಣಿಸುವ ಲೇಖನಗಳು ಬೇಕಾದಷ್ಟು ಬಂದಿವೆ. ನಾನು ವೃತ್ತಿಯಿಂದ ಮಕ್ಕಳ ವೈದ್ಯ. ನನ್ನದೇ ಒಂದು ಅನುಭವವನ್ನು ಮುಂದಿಟ್ಟು, ಹೊರಡುವ ಮುನ್ನ ತಂದೆತಾಯಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಬಯಸುತ್ತೇನೆ.

ಕುಂಡಲಿಕೆಯ ತೀರದಲ್ಲಿ ಒಂದು ಬೆಳಗು

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ನಮ್ಮ ಬಡಾವಣೆಯ ಐದು ಕನ್ನಡ ಕುಟುಂಬಗಳು ಕೂಡಿ ರಾಯಗಡ ಜಿಲ್ಲೆಯ ಕೋಲಾಡದ ಬಳಿ ಕುಂಡಲಿಕಾ ನದಿಯ ತೀರದ ಒಂದು ತೋಟಕ್ಕೆ ಹೋದೆವು. ಮತ್ಸ್ಯಗಂಧಾ ರೈಲಿನಲ್ಲಿ ಉಡುಪಿ, ಮಂಗಳೂರುಗಳಿಗೆ ಹೋಗುವವರಿಗೆ ರೋಹಾ, ಕೋಲಾಡ ನಿಲ್ದಾಣಗಳ ಹೆಸರು ಪರಿಚಿತವೇ. ಮಾವು, ಹಲಸು, ತೆಂಗಿನ ನೆರಳು; ಎದುರಿಗೆ ಸಹ್ಯಾದ್ರಿಯ ಸಾಲು; ಕೆಳಗೆ ಕಲ್ಲುಗಳ ನಡುವೆ ಹರಿಯುವ ತಿಳಿನೀರು. ಮೊದಲ ರಾತ್ರಿ ಮಕ್ಕಳು ಮಿಂಚುಹುಳು ನೋಡಿ ಕುಣಿದಾಡಿದರು. ಹಿರಿಯರು ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಹಳೆಯ ಹಾಡುಗಳನ್ನು ಹಾಡಿ ಮಲಗಿದೆವು.

ಮರುದಿನ ಬೆಳಿಗ್ಗೆ ನದಿಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಆರೇಳು ಮಕ್ಕಳು ಕಲ್ಲುಗಳನ್ನು ಒಟ್ಟಿ ಅಣೆಕಟ್ಟು ಕಟ್ಟುವ ಆಟದಲ್ಲಿ ತೊಡಗಿದ್ದರು. ನಾನು ದಂಡೆಯ ಮಾವಿನ ಮರದಡಿ ಕುರ್ಚಿ ಹಾಕಿಕೊಂಡು ವೃತ್ತಪತ್ರಿಕೆ ಓದುತ್ತಿದ್ದೆ. ವರದಾ ನದಿಯ ದಂಡೆಯ ಹಳ್ಳಿಯಲ್ಲಿ ಬೆಳೆದವನು ನಾನು. ಬೇಸಿಗೆಯಲ್ಲಿ ನಮ್ಮ ಹೊಳೆಯೆಂದರೆ ಮರಳು. ಒರತೆ ತೋಡಿ ಕೊಡ ತುಂಬಿಸಿಕೊಳ್ಳುತ್ತಿದ್ದೆವು. ಬೇಸಿಗೆಯ ನದಿಗೆ ಹೆದರಬೇಕೆಂಬುದು ನನ್ನ ಮನಸ್ಸಿಗೆ ಹೊಳೆಯಲೇ ಇಲ್ಲ.

ಇದ್ದಕ್ಕಿದ್ದಂತೆ ತೋಟದ ಆಳೊಬ್ಬನು ಮೇಲಿನಿಂದ 'ಪಾಣೀ ಆಲಂ! ಪಾಣೀ ಆಲಂ!' ಎಂದು ಕೂಗುತ್ತ ಓಡಿಬಂದನು. ತಲೆಯೆತ್ತಿ ನೋಡಿದರೆ ಮಕ್ಕಳ ಅಣೆಕಟ್ಟು ಕಾಣುತ್ತಿರಲಿಲ್ಲ. ಅಬ್ಬರವಿಲ್ಲ, ನೊರೆಯಿಲ್ಲ, ನೀರು ಸುಮ್ಮನೆ ಏರುತ್ತಿತ್ತು. ಉಳಿದ ಮಕ್ಕಳು ಹೇಗೋ ದಡ ಸೇರಿದರು. ನದಿಯ ನಡುವಿನ ಬಂಡೆಯ ಮೇಲಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಇಳಿಯಲು ಹೋಗಿ ಕಾಲು ಜಾರಿದಳು. ಅವಳ ತಂದೆ ನೀರಿಗೆ ಹಾರಲು ಮುಂದಾದರು. ಅವರಿಗೆ ಈಜು ಬಾರದು. ಆ ಆಳು ಅವರನ್ನು ಹಿಂದಕ್ಕೆ ತಳ್ಳಿ, ಹಗ್ಗ ಕಟ್ಟಿದ ಟೈರಿನ ಟ್ಯೂಬನ್ನು ಹುಡುಗಿಯ ಮುಂದೆ ತೇಲಿಬಿಟ್ಟನು. ಅವಳು ಅದನ್ನು ಹಿಡಿದಳು. ನಾವು ನಾಲ್ವರು ಎಳೆದೆವು. ಎಲ್ಲವೂ ಎರಡು ಮೂರು ನಿಮಿಷಗಳ ಕೆಲಸ. ಆ ನಿಮಿಷಗಳಲ್ಲಿ ನನ್ನ ವೈದ್ಯಕೀಯ ಪದವಿ ಯಾವ ಉಪಯೋಗಕ್ಕೂ ಬರಲಿಲ್ಲ.

ಹುಡುಗಿ ನೀರು ಕುಡಿದಿದ್ದಳು, ಕೆಮ್ಮುತ್ತಿದ್ದಳು. ಹತ್ತಿರದ ಪಟ್ಟಣದ ಆಸ್ಪತ್ರೆಗೆ ಒಯ್ದು ಸಂಜೆಯವರೆಗೆ ಇರಿಸಿಕೊಂಡು, ಏನೂ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಮರಳಿದೆವು. ದಾರಿಯಲ್ಲಿ ಅವಳು ನನ್ನ ಪಕ್ಕದಲ್ಲಿ ಕುಳಿತು, 'ಅಜ್ಜಾ, ಮಳೀನ ಬಂದಿಲ್ಲ. ಅಷ್ಟು ನೀರು ಎಲ್ಲಿಂದ ಬಂತು?' ಎಂದು ಕೇಳಿದಳು. ಆ ಪ್ರಶ್ನೆಯನ್ನು ಹಿಂದಿನ ದಿನವೇ ನಾನು ಕೇಳಬೇಕಾಗಿತ್ತು.

ನೀರು ಎಲ್ಲಿಂದ ಬಂತು?

ಕುಂಡಲಿಕೆಯ ಮೇಲುಭಾಗದಲ್ಲಿ ಭಿರಾ ಎಂಬ ಊರಿದೆ. ಟಾಟಾ ಸಂಸ್ಥೆಯವರು ಅಲ್ಲಿ ಸ್ಥಾಪಿಸಿದ ಜಲವಿದ್ಯುತ್ ಕೇಂದ್ರವು 1927ರಿಂದ ಮುಂಬಯಿಗೆ ವಿದ್ಯುತ್ತನ್ನು ಒದಗಿಸುತ್ತ ಬಂದಿದೆ. ಪುಣೆಯ ಪಶ್ಚಿಮಕ್ಕೆ ಮುಳಶಿಯಲ್ಲಿ ಮುಳಾ ನದಿಗೆ ಅಣೆಕಟ್ಟು ಕಟ್ಟಿ, ಆ ನೀರನ್ನು ಸಹ್ಯಾದ್ರಿಯಿಂದ ಕೊಂಕಣದ ಕಡೆಗೆ ಇಳಿಸಿ ಯಂತ್ರಗಳನ್ನು ತಿರುಗಿಸುತ್ತಾರೆ. ಈ ಅಣೆಕಟ್ಟಿಗಾಗಿ ಜಮೀನು ಕಳೆದುಕೊಂಡ ರೈತರು 1921ರಲ್ಲಿ ಆರಂಭಿಸಿದ ಮುಳಶಿ ಸತ್ಯಾಗ್ರಹದ ಮುಂದಾಳು ಸೇನಾಪತಿ ಬಾಪಟರು. ಅಣೆಕಟ್ಟಿಲ್ಲದಿದ್ದರೆ ಆ ನೀರು ಪೂರ್ವಕ್ಕೆ ಹರಿದು, ಭೀಮೆಯನ್ನು ಕೂಡಿ, ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳ ಕಡೆಗೆ ಬರುತ್ತಿತ್ತು. ನಮ್ಮಂತೆಯೇ ಅದೂ ಮುಂಬಯಿಯ ಚಾಕರಿಗೆ ತಿರುಗಿದೆ.

ಯಂತ್ರ ತಿರುಗಿಸಿ ಹೊರಬಿದ್ದ ನೀರೇ ಕುಂಡಲಿಕೆಯನ್ನು ಸೇರುತ್ತದೆ. ಆದುದರಿಂದಲೇ ಬಿರುಬೇಸಿಗೆಯಲ್ಲಿಯೂ ಅಲ್ಲಿ ರಬ್ಬರು ದೋಣಿಗಳ ಕ್ರೀಡೆ ನಡೆಯುತ್ತದೆ. ನೀರು ಬಿಡುವ ವೇಳೆಯನ್ನು ನೋಡಿಕೊಂಡೇ ಆ ದೋಣಿಗಳು ಹೊರಡುತ್ತವೆ. ನಮ್ಮ ವರದೆ ಮಳೆಗೆ ತುಂಬುತ್ತಿದ್ದಳು. ಈ ನದಿ ನಗರದ ವಿದ್ಯುತ್ತಿನ ಬೇಡಿಕೆಗೆ ತುಂಬುತ್ತದೆ. ದಾಂಡೇಲಿಯ ಕಾಳಿಯದೂ ಇದೇ ಕಥೆ. ಮೇಲೆ ಸೂಪಾ ಅಣೆಕಟ್ಟಿದೆ. ಆ ದಿನ ನೀರು ಬರುವ ಹೊತ್ತು ತೋಟದ ಆಳುಗಳಿಗೆಲ್ಲ ಗೊತ್ತಿತ್ತು. ಅವರು ತಾವಾಗಿ ಹೇಳಲಿಲ್ಲ, ನಾವು ಕೇಳಲಿಲ್ಲ.

ಇಂತಹ ಅಲಕ್ಷ್ಯದ ಬೆಲೆ ಎಷ್ಟೆಂಬುದನ್ನು ದೇಶವು ಕಂಡಿದೆ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ಮಂದಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರೂ ಶಾಂತವಾಗಿದ್ದ ನದಿಯ ಕಲ್ಲುಗಳ ಮೇಲೆ ನಿಂತಿದ್ದವರೇ.

ನೀರಿನಲ್ಲಿ ಮುಳುಗಿದವರಿಗೆ ನೆರವು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಎಂಬುದು ತಪ್ಪು ತಿಳುವಳಿಕೆ. ಉಸಿರಿಗೇ ಹೋರಾಡುವ ಮಗುವಿಗೆ ಕೂಗಲು ಉಸಿರಿರುವುದಿಲ್ಲ. ಮಕ್ಕಳು ನೀರಿನ ಬಳಿಯಿರುವಾಗ ಹಿರಿಯರೊಬ್ಬರು ಬೇರಾವ ಕೆಲಸವನ್ನೂ ಇಟ್ಟುಕೊಳ್ಳದೆ, ಕೈಗೆ ಎಟುಕುವ ದೂರದಲ್ಲಿ ಕಾವಲಿರಬೇಕು. ಪತ್ರಿಕೆ, ಇಸ್ಪೀಟು, ಮೊಬೈಲು ಯಾವುದೂ ಕೂಡದು.

ಈಜು ಬಾರದವರು ನೀರಿಗೆ ಹಾರಿದರೆ ಒಂದರ ಬದಲು ಎರಡು ಜೀವಗಳಿಗೆ ಅಪಾಯ. ಹಗ್ಗ, ಉದ್ದನೆಯ ಕೋಲು, ಸೀರೆ, ಮುಚ್ಚಳ ಬಿಗಿದ ಖಾಲಿ ಡಬ್ಬ ಇವುಗಳಲ್ಲಿ ಸಿಕ್ಕಿದ್ದನ್ನು ಚಾಚಬೇಕು ಅಥವಾ ಎಸೆಯಬೇಕು.

ಮೇಲೆತ್ತಿದ ವ್ಯಕ್ತಿಯನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಇವೆರಡೂ ತಪ್ಪು, ಇದರಿಂದ ಅಮೂಲ್ಯ ಸಮಯ ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಗದ್ದವನ್ನೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ತುಂಬಬೇಕು. ಅನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಉಸಿರು ಕೊಡಬೇಕು. ನೆರವು ಬರುವವರೆಗೆ ಇದನ್ನೇ ಮುಂದುವರಿಸಬೇಕು. ಜೊತೆಯವರು 108 ಅಥವಾ 112ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡ ಮಗು ನಗುತ್ತಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದು.

ಬಿಸಿಲು, ನೀರು, ಆಹಾರ

ಕೊಂಕಣದ ಬೇಸಿಗೆಯಲ್ಲಿ ಸೆಕೆಗಿಂತ ಗಾಳಿಯ ತೇವವೇ ಹೆಚ್ಚು ಕಷ್ಟಕರ. ಬೆವರು ಆರದೆ ಮೈ ತಂಪಾಗುವುದಿಲ್ಲ. ಡೇರೆ ಎಷ್ಟೇ ವೈಭವದ್ದಾಗಲಿ, ನಡುಹಗಲಿನಲ್ಲಿ ಮುಚ್ಚಿಟ್ಟರೆ ಒಳಗೆ ಹೊರಗಿಗಿಂತ ಕಾವು ಹೆಚ್ಚು. ಹನ್ನೊಂದರಿಂದ ನಾಲ್ಕರವರೆಗೆ ಮರದ ನೆರಳೇ ಲೇಸು. ಮಜ್ಜಿಗೆ, ಬೆಲ್ಲದ ಪಾನಕ, ಎಳನೀರು ಆಗಾಗ ಕೊಡುತ್ತಿರಬೇಕು. ಮೈ ಕೆಂಡದಂತೆ ಸುಡುತ್ತ, ಮಾತು ತೊದಲಿದರೆ ಅಥವಾ ಮಂಪರು ಕವಿದರೆ ಬಿಸಿಲಿನ ಆಘಾತವೆಂದೇ ತಿಳಿದು, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ನದಿಯ ನೀರು ಎಷ್ಟು ತಿಳಿಯಾಗಿದ್ದರೂ ಕುದಿಸದೆ ಕುಡಿಯಬಾರದು. ವಾಂತಿಭೇದಿ ಆರಂಭವಾದರೆ ಓ.ಆರ್.ಎಸ್. ಪುಡಿಯನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕೊಡಬೇಕು. ಪುಡಿಯಿಲ್ಲದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು.

ರಾತ್ರಿಯ ಎಚ್ಚರ

ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಹಾವು ಹೆಚ್ಚಾಗಿ ಕಟ್ಟುಹಾವು. ಮರಾಠಿಯಲ್ಲಿ ಅದಕ್ಕೆ ಮಣ್ಯಾರ್ ಎನ್ನುತ್ತಾರೆ. ಕಚ್ಚಿದ್ದು ಅನೇಕ ಸಲ ನಿದ್ದೆಯಲ್ಲಿರುವವರಿಗೆ ತಿಳಿಯುವುದೇ ಇಲ್ಲ. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ ಇವು ಕಂಡರೆ ತಡಮಾಡಬಾರದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಸೊಳ್ಳೆಯಿಂದಲೂ ಹಾವಿನಿಂದಲೂ ರಕ್ಷಣೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಅಲುಗಾಡಿಸದೆ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಒಯ್ಯಬೇಕು.

ಕೊಂಕಣದ ಕೆಂಪು ಚೇಳು ಇನ್ನೊಂದು ಶತ್ರು. ಒಂದು ಕಾಲದಲ್ಲಿ ಇದರ ಕುಟುಕಿಗೆ ಅನೇಕ ಮಕ್ಕಳು ಹೃದಯ ಸೋತು ಸಾಯುತ್ತಿದ್ದರು. ಇದೇ ರಾಯಗಡ ಜಿಲ್ಲೆಯ ಮಹಾಡದಲ್ಲಿ ವೃತ್ತಿ ನಡೆಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇದನ್ನು ಗುಣಪಡಿಸಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಗ್ರಾಮಾಂತರದ ವೈದ್ಯನೊಬ್ಬನ ಈ ಸಾಧನೆ ನಮಗೆಲ್ಲ ಹೆಮ್ಮೆಯ ವಿಷಯ. ಹಾಗೆಂದು ನಾವು ಎಚ್ಚರ ತಪ್ಪುವಂತಿಲ್ಲ: ಬೂಟು, ಬಟ್ಟೆಗಳನ್ನು ಕೊಡವಿಯೇ ತೊಡಬೇಕು, ಕತ್ತಲೆಯಲ್ಲಿ ಬ್ಯಾಟರಿ ಇಲ್ಲದೆ ನಡೆಯಬಾರದು, ಕುಟುಕಿದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಡೇರೆಯೊಳಗೆ ಇದ್ದಲಿನ ಅಗ್ಗಿಷ್ಟಿಕೆ ಇಡಲೇಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ. ಗುಡುಗು ಕೇಳಿಸಿದರೆ ಡೇರೆಯನ್ನೂ ಒಂಟಿ ಮರವನ್ನೂ ಬಿಟ್ಟು ಗಟ್ಟಿ ಕಟ್ಟಡವನ್ನು ಸೇರಬೇಕು.

ಹಾಗಾದರೆ ಹೋಗಬೇಕೆ?

ಖಂಡಿತ ಹೋಗಬೇಕು. ಬಯಲಿನ ಬೆಳಕಿನಲ್ಲಿ ದಿನವೂ ಸಾಕಷ್ಟು ಹೊತ್ತು ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಂಭವ ಕಡಿಮೆಯೆಂದು ಸಂಶೋಧನೆಗಳು ತಿಳಿಸುತ್ತವೆ. ಹಗಲೆಲ್ಲ ಓಡಾಡಿದ ಮಗು ರಾತ್ರಿ ಕರೆಯದೆಯೇ ಮಲಗುತ್ತದೆ. ಇದಕ್ಕೂ ಮಿಗಿಲಾಗಿ, ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಮಾತ್ರ ನೀರನ್ನು ಕಂಡ ನಮ್ಮ ಮಕ್ಕಳಿಗೆ ನದಿಯ ಪರಿಚಯವಾಗಬೇಕು. ನಾವು ಹೊಳೆಯಲ್ಲಿ ಈಜು ಕಲಿತವರು, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಹಿರಿಯರು ಕಲಿಸಿದರು. ನಮ್ಮ ಮಕ್ಕಳಿಗೆ ಆ ವಿದ್ಯೆಯನ್ನು ನಾವು ದಾಟಿಸಲಿಲ್ಲ. ಭಾಷೆಯಂತೆ ಇದೂ ಒಂದು ಪಿತ್ರಾರ್ಜಿತ.

ಆ ಹುಡುಗಿ ಆ ವರ್ಷವೇ ಈಜುಕೊಳಕ್ಕೆ ಸೇರಿದಳು. ಅವಳ ತಂದೆಯೂ ಅವಳೊಡನೆ ಸೇರಿ, ನಲವತ್ತೆರಡನೆಯ ವಯಸ್ಸಿನಲ್ಲಿ ಈಜು ಕಲಿತರು. ಮರು ಬೇಸಿಗೆಯಲ್ಲಿ ಅದೇ ತೋಟಕ್ಕೆ ಮತ್ತೆ ಹೋದೆವು. ಬಸ್ಸಿನಿಂದ ಇಳಿದೊಡನೆ ಅವಳು ಆ ಆಳಿನ ಬಳಿಗೆ ಓಡಿ, 'ಕಾಕಾ, ನಾಳೆ ನೀರು ಎಷ್ಟು ಗಂಟೆಗೆ ಬರುತ್ತದೆ?' ಎಂದು ಮರಾಠಿಯಲ್ಲಿ ವಿಚಾರಿಸಿದಳು. ಈ ಬೇಸಿಗೆಯಲ್ಲಿ ನದೀತೀರಕ್ಕೆ ಹೊರಡುವ ಪ್ರತಿಯೊಂದು ಕನ್ನಡ ಕುಟುಂಬವೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಎಲ್ಲರ ಪ್ರವಾಸವೂ ಸುಖಕರವಾಗಲಿ.